ನಾಲ್ಕನೆಯ ದನಿ

“ಬೆಟ್ಟದ ನೆತ್ತೀಲಿ, ಏಣಿನ ಮೇಲೆ ಒಂದು ಮರದ ಗುಡಿಸಲಿದೆ. ಅದರ ಮಾಡಿಗೆ ಕಬ್ಬಿಣದ ಗಂಟೆ ನೇತುಹಾಕಿದೆ. ಹನ್ನೆರಡರೊಳಗೆ ಅದನ್ನ ಬಾರಿಸ್ತೀವಿ. ಮೂರರೊಳಗೆ ವಾಪಸ್ ಇಲ್ಲಿರ್ತೀವಿ. ಮೂರರ ಮೇಲೆ ಗಾಳಿ ತಿರುಗುತ್ತೆ. ಅಷ್ಟೇ.”

ಗೈಡ್ ಮೇಡಂ ನಕ್ಷೆ ಮಡಚಿ ಜೇಬಿಗೆ ಇಳಿಸಿದರು. ಲಾಡ್ಜಿನ ಚಪ್ಪಲಿಕೋಣೆಯ ಉದ್ದ ಬೆಂಚಿನ ಮೇಲೆ ನಾಲ್ಕು ಜನ ಸಾಲಾಗಿ ಕೂತಿದ್ದರು. ತಲೆಯ ಮೇಲೆ ನಿನ್ನೆಯ ಒದ್ದೆ ಕಾಲುಚೀಲಗಳು ತೋರಣದಂತೆ ತೂಗುತ್ತ ತಮ್ಮ ಪರಿಮಳವನ್ನು ಎಲ್ಲರಿಗೂ ಸಮನಾಗಿ ಹಂಚುತ್ತಿದ್ದವು.

ಬೆಂಚಿನ ತುದಿಯಲ್ಲಿದ್ದವರು ಮಾವ. ನಲವತ್ತು ವರ್ಷ ಐಸ್ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದವರು. ಟನ್ನುಗಟ್ಟಲೆ ಐಸನ್ನು ಅಚ್ಚಿನಿಂದ ಕಳಚಿ ಊರಿಗೆಲ್ಲ ಕಳಿಸಿದ್ದರೂ ಆಕಾಶದಿಂದ ಬೀಳುವ ಹಿಮವನ್ನು ಕಂಡವರಲ್ಲ. ನಿವೃತ್ತಿಯ ದಿನ ಮಗಳು “ಏನು ಬೇಕಪ್ಪ ನಿಂಗೆ?” ಎಂದಾಗ, “ನಾನು ಮಾಡದೇ ಇರೋ ಐಸನ್ನ ಒಂದ್ಸಲ ನೋಡ್ಬೇಕು” ಎಂದಿದ್ದರು. ಹಾಗೆ ಹುಟ್ಟಿದ್ದು ಈ ಪ್ರವಾಸ. ಗಂಟೆಯ ವಿಷಯ ಕೇಳಿದ ಮೇಲಂತೂ ಅದನ್ನು ತಾವೇ ಬಾರಿಸಬೇಕೆಂದು ಪಟ್ಟು ಹಿಡಿದಿದ್ದರು.

ಅವರ ಪಕ್ಕದಲ್ಲಿ ಅಳಿಯ. ಬಸ್ ನಿಲ್ದಾಣದಲ್ಲಿ ಅನೌನ್ಸರ್. ದಿನಕ್ಕೆ ಎಂಟು ಗಂಟೆ ಕಾಲ “ದಯವಿಟ್ಟು ಗಮನಿಸಿ” ಎನ್ನುವುದು ಅವನ ಕೆಲಸ. ಮಿಕ್ಕ ಹೊತ್ತು ಬೇರೆಯವರ ಹಾಗೆ ಮಾತಾಡುವುದು ಅವನ ಕಾಯಿಲೆ. ಡಿಪೋ ಮ್ಯಾನೇಜರನ ಕೆಮ್ಮು, ಬಸ್ಸಿನ ಬ್ರೇಕು, ಮಾವ ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ “ಹ್ಞಂಹ್ಞಂ” ಎಲ್ಲವೂ ಅವನ ನಾಲಗೆಯ ಮೇಲೆ ಬಾಡಿಗೆಗಿದ್ದವು. ಮಾವನಿಗೆ ಇದು ಹಿಡಿಸುತ್ತಿರಲಿಲ್ಲ. ಮದುವೆಯಾಗಿ ಆರು ವರ್ಷವಾದರೂ “ಅಳಿಯಂದ್ರೇ” ಎಂದು ಬಹುವಚನದಲ್ಲೇ ದೂರ ಇಟ್ಟಿದ್ದರು.

“ರೀ,” ಎಂದು ಹೆಂಡತಿ ಬೆಳಿಗ್ಗೆಯೇ ಎಚ್ಚರಿಸಿದ್ದಳು. “ಮೂರು ದಿನ. ಮೂರೇ ದಿನ ನೀವು ನೀವಾಗಿರಿ. ಅಪ್ಪನ್ನ ಕೆಣಕಬೇಡಿ.”

ನಾಲ್ಕನೆಯವರು ಜತೆಗೆ ಸೇರಿಕೊಂಡಿದ್ದ ಹಲ್ಲಿನ ಡಾಕ್ಟರು. ಎದುರಿಗೆ ಯಾರೇ ನಕ್ಕರೂ ಅವರ ಹಲ್ಲು ನೋಡುತ್ತಿದ್ದರು.

“ನಿಯಮ ಒಂದೇ,” ಎಂದರು ಮೇಡಂ. “ನಾನು ‘ಎಣಿಕೆ’ ಅಂತ ಕೂಗಿದಾಗ ಸಾಲಾಗಿ ನಿಮ್ಮ ನಿಮ್ಮ ನಂಬರ್ ಕೂಗ್ಬೇಕು. ನಾನು ಮುಂದಿರ್ತೀನಿ, ಹಿಂದೆ ತಿರುಗಿ ನೋಡ್ತಾ ಇದ್ರೆ ದಾರಿ ತಪ್ಪುತ್ತೆ. ನನಗೆ ಕಣ್ಣಲ್ಲ, ಕಿವಿ ಲೆಕ್ಕ. ಇನ್ನೊಂದು, ಕೊಂಬೆ ಬಗ್ಗಿರೋ ಮರಗಳ ಬುಡಕ್ಕೆ ಹೋಗ್ಬೇಡಿ. ಮೇಲೆ ಗಟ್ಟಿ ಕಾಣುತ್ತೆ, ಕೆಳಗೆ ಟೊಳ್ಳು. ಅಷ್ಟೇ.”

ಮೇಡಂ ಗುಡಿಸಲಿನ ಕೀಲಿ ತರಲು ಒಳಗೆ ಹೋದ ಕೂಡಲೇ ಅಳಿಯ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತ. “ಮೇಲೆ ಗಟ್ಟಿ, ಕೆಳಗೆ ಟೊಳ್ಳು. ನಮ್ಮ ಡಿಪೋ ಮ್ಯಾನೇಜರ್ ಥರ. ಅಷ್ಟೇ!” ಅದೇ ದನಿ, ಅದೇ ಗತ್ತು. ಡಾಕ್ಟರು ಬಿದ್ದು ಬಿದ್ದು ನಕ್ಕರು. ಮಾವನೂ ತಡೆಯಲಾರದೆ ನಕ್ಕುಬಿಟ್ಟರು. ಎಚ್ಚರಿಕೆ ಅಲ್ಲೇ ನಗೆಯಲ್ಲಿ ಕರಗಿಹೋಯಿತು.

ಸ್ನೋಶೂ ಎಂದರೆ ಬೂಟಿನಡಿಗೆ ಕಟ್ಟಿಕೊಳ್ಳುವ ಅಗಲವಾದ ಚೌಕಟ್ಟು. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಮೊರ ಕಣಮ್ಮ,” ಎಂದು ಮಗಳಿಗೆ ಹೇಳಿದರು. ಆಮೇಲೆ ಎಲ್ಲರೂ ಮೊರ ಎಂದೇ ಕರೆದರು. ಮೊರ ಕಟ್ಟಿ ಹೊರಟರು.

ಮೊದಲ ಒಂದು ಗಂಟೆ ಬಿಸಿಲಿತ್ತು. ಇಳಿಜಾರಿನ ಉದ್ದಕ್ಕೂ ಮುರಿಯದ ಬಿಳುಪು. ಅದರ ಮೇಲೆ ಮೊಲವೊಂದು ಓಡಿಹೋದ ಹೆಜ್ಜೆಗಳು ಹೊಲಿಗೆಯಂತೆ ಕಾಣುತ್ತಿದ್ದವು. ಹಿಮ ಹೊತ್ತ ಮರಗಳು ಹೆಗಲು ಬಗ್ಗಿಸಿ ನಿಂತಿದ್ದವು. ದೂರದಲ್ಲಿ ಹೆಪ್ಪುಗಟ್ಟಿದ ಹೊಳೆ, ಅದರಾಚೆ ಬರಿಯ ಬಂಡೆಯ ಏಣು, ಏಣಿನ ಮೇಲೆ ಬೆಂಕಿಪೊಟ್ಟಣದಷ್ಟು ಗುಡಿಸಲು. ಮಾವ ಬಗ್ಗಿ ಒಂದು ಹಿಡಿ ಹಿಮ ತೆಗೆದು, ಹಿಂಡಿ, ಕಿವಿಯ ಬಳಿ ಹಿಡಿದು ಕಿರುಗುಟ್ಟುವ ಸದ್ದು ಕೇಳಿದರು. “ಗಾಳಿ ಜಾಸ್ತಿ, ನೀರು ಕಮ್ಮಿ. ನಮ್ಮ ಫ್ಯಾಕ್ಟರೀಲಿ ಇಂಥಾ ಮಾಲು ಬಂದಿದ್ರೆ ವಾಪಸ್ ಕಳಿಸ್ತಿದ್ದೆ,” ಎಂದರು. ಕಣ್ಣಲ್ಲಿ ಮಾತ್ರ ಮಗುವಿನ ಸಂತೋಷವಿತ್ತು.

ಅಳಿಯನಿಗೆ ಚಡಪಡಿಕೆ ಶುರುವಾಗಿತ್ತು. ಹಾರ್ನಿಲ್ಲ, ಕೂಗಿಲ್ಲ, ಯಾರೂ ಯಾರನ್ನೂ ತಳ್ಳುತ್ತಿಲ್ಲ. ಮೊರದ ಸರಕ್ ಸರಕ್ ಬಿಟ್ಟರೆ ಕಿವಿಯೊಳಗೆ ಹತ್ತಿ ತುರುಕಿದಂಥ ನಿಶ್ಶಬ್ದ. ಅದು ಅವನ ಎದೆಯ ಮೇಲೆ ಕೂರತೊಡಗಿತು. ಕೊನೆಗೆ ತಡೆಯಲಾರದೆ ಹಿಂದಿನಿಂದ ಮೇಡಂ ದನಿಯಲ್ಲಿ ಕೂಗಿದ: “ನಿಲ್ಲಿ! ಎಲ್ರೂ ಮೊರ ಬಿಚ್ಚಿ! ಅಷ್ಟೇ!”

ಮಾವ ತಕ್ಷಣ ಹಿಮದಲ್ಲಿ ಕೂತು, ಮರಗಟ್ಟಿದ ಬೆರಳುಗಳಿಂದ ಒಂದೊಂದೇ ಪಟ್ಟಿ ಬಿಚ್ಚಿದರು. ಎರಡನೆಯ ಮೊರವೂ ಕಳಚಿದ ಮೇಲೆ ತಲೆಯೆತ್ತಿದರೆ ಬಿಚ್ಚಿದವರು ತಾವೊಬ್ಬರೇ.

“ಹ್ಞಂಹ್ಞಂ,” ಎಂದರು. ಮುಖ ಕೆಂಪಗಾಗಿತ್ತು. “ಮೇಡಂ, ಕೊನೇಲಿ ನಾನು ಬರ್ತೀನಿ. ಈ ಗ್ರಾಮಫೋನು ನನ್ನ ಬೆನ್ನ ಹಿಂದೆ ಬೇಡ.”

ಮೇಡಂ ಅಳಿಯನನ್ನು ಒಂದು ಕ್ಷಣ ದಿಟ್ಟಿಸಿದರು. “ಸರಿ. ಹೆಂಡತಿ ಒಂದು, ಡಾಕ್ಟರು ಎರಡು, ನೀವು ಮೂರು, ಯಜಮಾನ್ರು ನಾಲ್ಕು. ಹತ್ತು ಹೆಜ್ಜೆಗೊಂದ್ಸಲ ಹಿಂದೆ ನೋಡೋದು ನಿಮ್ಮ ಜವಾಬ್ದಾರಿ. ನನ್ನ ದನಿ ಮತ್ತೆ ಮುಟ್ಬೇಡಿ.”

ಹನ್ನೊಂದರ ಸುಮಾರಿಗೆ ಗುಡಿಸಲು ಮಾಯವಾಯಿತು. ಆಮೇಲೆ ಏಣು. ಆಮೇಲೆ ಹೊಳೆ. ಮೋಡ ಇಳಿದು ಎಲ್ಲವನ್ನೂ ಒರೆಸಿಹಾಕಿತು. ಹೇಳಿದ್ದಕ್ಕಿಂತ ನಾಲ್ಕು ಗಂಟೆ ಮೊದಲೇ ಗಾಳಿ ತಿರುಗಿತ್ತು.

“ಮುಂದೆ ಬಂಡೆಯಿದೆ. ಅಲ್ಲಿ ಹಗ್ಗ ಕಟ್ಕೊಂಡು ವಾಪಸ್! ಎಣಿಕೆ!”

“ಒಂದು!”

“ಎರಡು!”

“ಮೂರು!”

ಆಮೇಲೆ ಗಾಳಿ. ಗಾಳಿ ಮಾತ್ರ.

ಎರಡು ಕ್ಷಣವಿರಬಹುದು. ಅಳಿಯ ಹಿಂದೆ ನೋಡಿದ. ಬಿಳುಪಿನ ನಡುವೆ ಕಪ್ಪಗೆ ಏನೋ ನಿಂತಿತ್ತು. ಮಾವನೇ, ಇನ್ನೂ ಮುನಿಸು ಇಳಿದಿಲ್ಲ, ಅದಕ್ಕೇ ಬಾಯಿ ಬಿಡುತ್ತಿಲ್ಲ ಎಂದುಕೊಂಡ. ಅವನ ನಾಲಗೆ ಅವನ ಅಪ್ಪಣೆಗೆ ಕಾಯಲಿಲ್ಲ.

“ಹ್ಞಂಹ್ಞಂ, ನಾಲ್ಕು!”

“ಸರಿ, ನಡೀರಿ!” ಎಂದಿತು ಮುಂದಿನ ದನಿ.

ಹತ್ತು ನಿಮಿಷ ತಲೆ ತಗ್ಗಿಸಿ ನಡೆದರು. ಬಂಡೆಯ ಮರೆಯಲ್ಲಿ ಮೇಡಂ ಹಗ್ಗ ತೆಗೆದು ಒಬ್ಬೊಬ್ಬರ ಸೊಂಟಕ್ಕೆ ಬಿಗಿದರು. ಒಂದು. ಎರಡು. ಮೂರು. ನಾಲ್ಕನೆಯ ಗಂಟು ಅವರ ಕೈಯಲ್ಲೇ ಉಳಿಯಿತು.

“ಯಜಮಾನ್ರು ಎಲ್ಲಿ?”

ಎಲ್ಲರೂ ಬಂದ ದಾರಿಯತ್ತ ತಿರುಗಿದರು.

“ಈಗ ತಾನೆ ನಾಲ್ಕು ಅಂದ್ರಲ್ಲ!” ಎಂದರು ಡಾಕ್ಟರು.

ಅಳಿಯ ಒಂದು ಹೆಜ್ಜೆ ಮುಂದೆ ಬಂದ. “ಅದು... ನಾನು ಅಂದಿದ್ದು.”

ಹೆಂಡತಿ ಅವನ ಕಡೆ ತಿರುಗಿದಳು. ಬೈಯುತ್ತಾಳೆಂದು ಕಾದ. ಬೈಯಲಿಲ್ಲ. “ಅಪ್ಪಾ!” ಎಂದು ಕೂಗಿ, ಹಗ್ಗ ಕಟ್ಟಿರುವುದನ್ನೂ ಮರೆತು ಓಡಲು ಹೋಗಿ ಮುಗ್ಗರಿಸಿದಳು. ಬೈದಿದ್ದರೇ ಚೆನ್ನಾಗಿತ್ತು.

“ಬಂದ ಹೆಜ್ಜೆ ಮೇಲೇ ಹಿಂದೆ,” ಎಂದರು ಮೇಡಂ. “ಅರ್ಧ ಗಂಟೇಲಿ ಹೆಜ್ಜೆ ಮುಚ್ಚಿಹೋಗುತ್ತೆ. ಬೇಗ!”

ಹೆಜ್ಜೆಗಳು ಆಗಲೇ ಮುಚ್ಚಿಕೊಳ್ಳುತ್ತಿದ್ದವು. ಮೊದಲು ಅಂಚು ಅಳಿಸಿತು, ಆಮೇಲೆ ಆಳ. ಅಳಿಯ ಕಂಡಿದ್ದ ಕಪ್ಪು ಆಕೃತಿ ಎದುರಾಯಿತು: ಎದೆಯೆತ್ತರದ ಒಂದು ಮರದ ಮೋಟು. ಅವನು ಅದನ್ನೇ ಮಾವ ಎಂದುಕೊಂಡಿದ್ದ.

ಇನ್ನೂ ಸ್ವಲ್ಪ ಕೆಳಗೆ ಜಾಡು ಪೂರ್ತಿ ಅಳಿಸಿತ್ತು. ಎಡಕ್ಕೆ ಹೊಳೆಯ ಕಡೆ ಇಳಿಜಾರು. ಬಲಕ್ಕೆ ದಟ್ಟ ಮರಗಳು. ಮೇಡಂ ಮಂಡಿಯೂರಿ ಕೈಯಿಂದ ಹಿಮ ಸವರಿದರು. ಏನೂ ಸಿಗಲಿಲ್ಲ.

“ದಣಿದವರು ಇಳಿಜಾರು ಹಿಡೀತಾರೆ. ಹೊಳೆ ಕಡೆ ಹೋಗೋಣ.”

ಆಗ ಬಲಗಡೆಯಿಂದ, ಗಾಳಿಯ ಸಂದಿನಿಂದ, ತೀರ ಸಣ್ಣಗೆ ಕೇಳಿಸಿತು: “ಹ್ಞಂಹ್ಞಂ... ಯಾರಾದ್ರೂ ಇದ್ದೀರಾ...”

ಮೂವರೂ ಒಟ್ಟಿಗೆ ಅಳಿಯನ ಮುಖ ನೋಡಿದರು.

“ಥೂ, ಇದಕ್ಕೂ ಒಂದು ಹೊತ್ತಿಲ್ವೇನ್ರೀ!” ಹೆಂಡತಿಯ ದನಿ ಒಡೆದುಹೋಯಿತು.

“ನಾನಲ್ಲ! ಆಣೆ ಇಟ್ಟು ಹೇಳ್ತೀನಿ, ನಾನಲ್ಲ ಕಣೇ!”

“ಬೆಳಿಗ್ಗೆಯಿಂದ ಇದೇ ಆಯ್ತಲ್ಲ ಸ್ವಾಮಿ,” ಎಂದರು ಡಾಕ್ಟರು. ಈ ಸಲ ಅವನ ಹಲ್ಲು ನೋಡಲಿಲ್ಲ.

ಮೇಡಂ ಎಡಕ್ಕೆ ಹೆಜ್ಜೆ ಇಟ್ಟರು. ಹಗ್ಗ ಬಿಗಿಯಾಯಿತು. ಅಳಿಯ ಕಾಲೂರಿ ನಿಂತ. ಆರು ವರ್ಷದಲ್ಲಿ ಅವನು ನೂರು ಜನರಂತೆ ಮಾತಾಡಿ ನಂಬಿಸಿದ್ದ. ಈಗ ತನ್ನಂತೆ ಮಾತಾಡಿದರೆ ನಂಬುವವರಿಲ್ಲ. ಇನ್ನು ಮಾತಿನಿಂದ ಆಗುವ ಕೆಲಸವಲ್ಲ.

ಬಲಗೈಯ ದಪ್ಪ ಉಣ್ಣೆಗವಸು ಕಿತ್ತ. ಮುದ್ದೆಮಾಡಿ ಬಾಯೊಳಗೆ ತುರುಕಿದ, ಗಂಟಲವರೆಗೆ. ಎಡಗೈಯಿಂದ ಬಾಯಿ ಮುಚ್ಚಿಕೊಂಡ. ಬರಿಗೈಯನ್ನು ಮರಗಳ ಕಡೆ ಚಾಚಿ ನಿಂತ.

ಗಾಳಿ ಬೀಸಿತು. ಕಣ್ಣಲ್ಲಿ ನೀರು ಬಂತು. ಬೆರಳ ತುದಿ ಸುಟ್ಟಂತಾಗಿ ಆಮೇಲೆ ಏನೂ ಗೊತ್ತಾಗದಾಯಿತು. ಕೂಗಿ ಮಾವ, ಕೂಗಿ, ಒಂದೇ ಒಂದು ಸಲ...

“ಹ್ಞಂಹ್ಞಂ... ಮಗಾ...”

“ಅಪ್ಪ!” ಎಂದಳು ಹೆಂಡತಿ.

ಮೇಡಂ ಆಗಲೇ ಬಲಕ್ಕೆ ತಿರುಗಿದ್ದರು.

ಎಂಬತ್ತು ಹೆಜ್ಜೆ. ಕೊಂಬೆಗಳು ನೆಲಕ್ಕೆ ಬಗ್ಗಿದ ದೊಡ್ಡ ಮರ. ಅದರ ಬುಡದಲ್ಲಿ ಬಾವಿಯಂಥ ಗುಂಡಿ. ಗುಂಡಿಯೊಳಗೆ ಎದೆಮಟ್ಟ ಹಿಮದಲ್ಲಿ ಹೂತು, ತಲೆಯ ಮೇಲೆ ಬಿಳಿ ಟೋಪಿ ಬೇರೆ ಹೊತ್ತು, ಮಾವ. ಎರಡೂ ಕೈ ಕಂಕುಳಲ್ಲಿದ್ದವು. ಲಾಡ್ಜಿನಲ್ಲಿ ಕೊಟ್ಟಿದ್ದ ತಮ್ಮ ನಕ್ಷೆಯನ್ನೂ ಊಟದ ಪೊಟ್ಟಣದ ಕಾಗದವನ್ನೂ ಅಂಗಿಯೊಳಗೆ ಎದೆಗೆ ಒತ್ತಿ ತುರುಕಿಕೊಂಡಿದ್ದರು. ನಲವತ್ತು ವರ್ಷ ಚಳಿಯ ಜತೆ ಸಂಸಾರ ಮಾಡಿದವರು.

“ಹತ್ರ ಬರ್ಬೇಡಿ, ಕುಸಿಯುತ್ತೆ!” ಮೇಡಂ ಸಲಿಕೆ ಬಿಚ್ಚಿದರು. “ಒಬ್ರು ಮಲಗ್ಬೇಕು. ಭಾರ ಹಂಚಿ ಮಲಗಿ, ತೆವಳಿ, ತೋಡ್ಬೇಕು.”

“ನಾನು,” ಎಂದ ಅಳಿಯ ಗವಸು ಉಗಿದು.

ಮೊರಗಳನ್ನು ಎದೆಯ ಕೆಳಗಿಟ್ಟು ಬೋರಲು ಬಿದ್ದ ಮೊಸಳೆಯಂತೆ ತೆವಳಿದ. ಹಿಂದೆ ಮೂವರು ಹಗ್ಗ ಹಿಡಿದರು. ಒಂದು ಸಲಿಕೆ ತೆಗೆದರೆ ಮೇಲಿಂದ ಎರಡು ಸಲಿಕೆ ಬೀಳುತ್ತಿತ್ತು. ತೋಡಿದ. ಮತ್ತೆ ತೋಡಿದ.

“ಯಾಕೆ ಬಂದ್ರಿ?” ಎಂದರು ಮಾವ. ತುಟಿ ನೀಲಿಯಾಗಿತ್ತು. “ಪಟ್ಟಿ ಸಡಿಲವಾಯ್ತು ಅಂತ ನಿಂತೆ. ಎಣಿಕೆ ಕೇಳಿಸ್ತು. ಕೂಗೋಣ ಅಂತ ಬಾಯಿ ತೆಗೀತೀನಿ, ಮುಂದೆ ನಾನೇ ಕೂಗ್ತಾ ಇದ್ದೀನಿ! ಸಿಟ್ಟು ಬಂತು. ನಾನು ಆಗಲೇ ಅಲ್ಲಿದ್ದೀನಲ್ಲ, ಇನ್ನು ನಾನ್ಯಾಕೆ ಅಂತ ಈ ಮರದಡಿ ಕೂರೋಕೆ ಬಂದೆ. ನೆಲವೇ ಹೋಯ್ತು.”

“ತಪ್ಪಾಯ್ತು ಮಾವ. ಕೈ ಕೊಡಿ.”

“ಇದು ಯಾರ ದನಿ?”

“ನಂದೇ.”

ಮಾವ ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ಕಂಕುಳಿಂದ ಕೈ ತೆಗೆದು ಕೊಟ್ಟರು.

“ಎಳೀರಿ!”

ಗುಂಡಿ ಮಾವನನ್ನು ಬಿಟ್ಟುಕೊಟ್ಟಿತು. ಅವರ ಒಂದು ಮೊರವನ್ನು ಮಾತ್ರ ಇಟ್ಟುಕೊಂಡಿತು. ಹೆಂಡತಿ ಅಪ್ಪನ ಮುಖವನ್ನು ತನ್ನ ಕೋಟಿನೊಳಗೆ ಎಳೆದುಕೊಂಡಳು. ಡಾಕ್ಟರು ಫ್ಲಾಸ್ಕಿನ ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಸಿ ಮೊಣಕಾಲು ಒತ್ತಿ ನೋಡಿದರು. “ಉಳುಕಿದೆ. ಸ್ವಲ್ಪ ನೋವಾಗುತ್ತೆ,” ಎಂದು ಅಭ್ಯಾಸಬಲದಿಂದ ಸೇರಿಸಿದರು.

ಅಳಿಯ ತನ್ನ ಮೊರಗಳನ್ನು ಮಾವನ ಕಾಲಿಗೆ ಕಟ್ಟಿದ. ತಾನು ಕೊನೆಯಲ್ಲಿ, ನಾಲ್ವರು ತುಳಿದ ಜಾಡಿನಲ್ಲಿ ಬರಿ ಬೂಟಿನಲ್ಲಿ ಬರುವುದೆಂದಾಯಿತು.

“ಹತ್ತು ಹೆಜ್ಜೆಗೊಂದ್ಸಲ ಕೂಗಿ,” ಎಂದರು ಮೇಡಂ. “‘ಇದ್ದೀನಿ’ ಅಂತ. ನಿಮ್ಮ ಸ್ವಂತ ದನೀಲಿ. ಕೇಳಿಸದಿದ್ರೆ ನಿಲ್ತೀವಿ. ಅಷ್ಟೇ.”

ಹತ್ತು ಹೆಜ್ಜೆಯಲ್ಲಿ ಆರು ಸಲ ಮಂಡಿಯವರೆಗೆ ಹೂತ, ಎರಡು ಸಲ ತೊಡೆಯವರೆಗೆ. “ಇದ್ದೀನಿ!” ಗಾಳಿ ಅದನ್ನು ಕಿತ್ತುಕೊಂಡು ಹೋಯಿತು. “ಇದ್ದೀನಿ!” ಹಗ್ಗದಲ್ಲಿ ಅವನಿಗೆ ನೇರ ಮುಂದೆ ಮಾವ ಕುಂಟುತ್ತಿದ್ದರು. ಒಂದು ಕಡೆ ಅಳಿಯ ಬಿದ್ದು ಏಳಲು ತಡವಾದಾಗ ಹಗ್ಗ ಎರಡು ಸಲ ಜಗ್ಗಿತು. “ಇದ್ದೀನಿ, ಇದ್ದೀನಿ ಮಾವ!” ಒಂದೂವರೆ ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು. ಅಷ್ಟರಲ್ಲಿ ಅವನ ದನಿ ಹರಿದ ತಮಟೆಯಂತಾಗಿ, ಆಮೇಲೆ ಬರಿ ಉಸಿರಾಗಿ, ಆಮೇಲೆ ತುಟಿಯ ಆಟವಷ್ಟೇ ಆಗಿ ಉಳಿಯಿತು. ಅದೇ ಹೊತ್ತಿಗೆ ಬಿಳುಪಿನೊಳಗಿಂದ ಹಳದಿ ಕಿಟಕಿಯೊಂದು ಮೂಡಿತು.

ಲಾಡ್ಜಿನ ಬಾಗಿಲಲ್ಲಿ ಮೇಡಂ ನಿಂತರು. ಹಿಂದೆ ತಿರುಗಲಿಲ್ಲ. ನಿಯಮವೆಂದರೆ ನಿಯಮ.

“ಎಣಿಕೆ!”

“ಒಂದು,” ಎಂದಳು ಹೆಂಡತಿ.

“ಎರಡು,” ಎಂದರು ಡಾಕ್ಟರು.

ಅಳಿಯ ಬಾಯಿ ತೆರೆದ. ಗಾಳಿ ಬಂತು, ಅಕ್ಷರ ಬರಲಿಲ್ಲ. ಮತ್ತೆ ಪ್ರಯತ್ನಿಸಿದ. ಮೇಡಂ ಹೆಗಲು ಬಿಗಿಯಾಯಿತು.

“ಹ್ಞಂಹ್ಞಂ,” ಎಂದು ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಬಸ್ ನಿಲ್ದಾಣದ ಧಾಟಿ, ಅರ್ಧ ಸರಿ, ಅರ್ಧ ಸೊಟ್ಟ: “ದಯವಿಟ್ಟು ಗಮನಿಸಿ! ಮೂರು!”

ಮೇಡಂ ಗಕ್ಕನೆ ತಿರುಗಿದರು. ಮಾವ ಅಳಿಯನ ಹೆಗಲ ಮೇಲೆ ಕೈ ಊರಿ ಒಂಟಿಕಾಲಲ್ಲಿ ನಿಂತಿದ್ದರು.

“ಇದ್ದಾನೆ ಮೇಡಂ, ಇಲ್ಲೇ ಇದ್ದಾನೆ. ಹಿಡ್ಕೊಂಡೇ ಕೂಗಿದೀನಿ,” ಎಂದರು. ಆಮೇಲೆ ತಮ್ಮದೇ ದನಿಯಲ್ಲಿ, “ನಾಲ್ಕು.”

ಹೆಂಡತಿ ಮೊದಲು ನಕ್ಕಳು, ಆಮೇಲೆ ಅತ್ತಳು. ಮೇಡಂ ಮಾತ್ರ ಒಬ್ಬೊಬ್ಬರ ಭುಜವನ್ನೂ ಮುಟ್ಟಿ ಮುಟ್ಟಿ ಇನ್ನೊಮ್ಮೆ ಎಣಿಸಿದರು, ಕೈಯಿಂದ.

ಒಳಗೆ ಚಪ್ಪಲಿಕೋಣೆಯ ಬೆಂಚಿನ ಮೇಲೆ ಅಳಿಯ ಬಗ್ಗಿ ಮಾವನ ಕಾಲಿನ ಪಟ್ಟಿ ಬಿಚ್ಚುತ್ತಿದ್ದ. ಬೆರಳು ಊದಿಕೊಂಡಿದ್ದವು, ಗಂಟು ಸಡಿಲವಾಗುತ್ತಿರಲಿಲ್ಲ.

“ಗಂಟೆ ಬಾರಿಸಲಿಲ್ಲ ನಾವು,” ಎಂದರು ಮಾವ ಕಿಟಕಿಯಾಚೆ ನೋಡುತ್ತ.

ಅಳಿಯ ತಲೆಯೆತ್ತಿದ. ಆ ಗಂಟೆ ಹೇಗೆ ಮೊಳಗುತ್ತದೆಂದು ಊಹಿಸಬಲ್ಲ, ಬಾಯಲ್ಲೇ ಮೊಳಗಿಸಲೂ ಬಲ್ಲ. ಆದರೆ ದನಿಯೇ ಇರಲಿಲ್ಲ. ಇದ್ದಿದ್ದರೂ ಬಹುಶಃ ಸುಮ್ಮನಿರುತ್ತಿದ್ದ.

“ಬೇಡ ಬಿಡು,” ಎಂದರು ಮಾವ ಅವನ ಮುಖ ಓದಿದವರಂತೆ. “ಮುಂದಿನ ವರ್ಷ ಬಂದು ಅಸಲಿ ಗಂಟೇನೇ ಬಾರಿಸೋಣ. ಈಗ ಏಳು, ಆ ಕೈ ಬೆಚ್ಚಗೆ ಮಾಡ್ಕೋ. ಐಸ್ ಹಿಡಿದ ಬೆರಳನ್ನ ಉಜ್ಜಬಾರ್ದು. ಬಾ ಇಲ್ಲಿ, ನಾನು ತೋರಿಸ್ತೀನಿ.”

ಆರು ವರ್ಷದ ಬಹುವಚನ ಆ ಗುಂಡಿಯಲ್ಲೇ ಉಳಿದಿತ್ತು, ಕಳೆದುಹೋದ ಮೊರದ ಜತೆ. ಅಳಿಯ ಎದ್ದು ಮಾವನ ಪಕ್ಕದಲ್ಲಿ ಕೂತು, ಎರಡೂ ಕೈಗಳನ್ನು ಅವರ ಕಂಕುಳಿಗೆ ಒಪ್ಪಿಸಿದ.