ಮೂರು ಕೆಂಪು, ಮೂರು ಬಿಳಿ

"ಅಪ್ಪಾ, ಬೇಗ ಹೋಗು! ಆ ತಾತ ನನ್ನನ್ನೇ ನೋಡ್ತಿದ್ದಾರೆ!"

ಯಾಗೊದಾ ಸೀಟಿನಲ್ಲಿ ಜಾರಿ, ಕಿಟಕಿಯ ಕೆಳಗೆ ಮುಳುಗಿದಳು.

"ನೋಡ್ಲಿ ಬಿಡು. ಹತ್ತು ವರ್ಷದ ಡ್ರೈವರನ್ನ ಅವರು ಇನ್ನೆಲ್ಲಿ ನೋಡ್ಬೇಕು?" ಎಂದ ಅಪ್ಪ.

ಅದು ಐರ್ಲೆಂಡಿನ ಕಾರು. ಸ್ಟೇರಿಂಗ್ ಬಲಕ್ಕೆ. ಪೋಲೆಂಡಿನಲ್ಲಿ ಡ್ರೈವರ್ ಕೂರುವ ಎಡಗಡೆ ಕೂತಿದ್ದವಳು ಯಾಗೊದಾ. ಹೀಗಾಗಿ ಕ್ರಾಕೋವಿನ ಪ್ರತಿ ಸಿಗ್ನಲ್ಲಿನಲ್ಲೂ ಯಾರಾದರೊಬ್ಬರು ಬೆಚ್ಚಿಬೀಳುತ್ತಿದ್ದರು.

ಏಳು ವರ್ಷ ಐರ್ಲೆಂಡಿನಲ್ಲಿದ್ದು, ಈಗ ಅವರು ಊರಿಗೇ ವಾಪಸಾಗುತ್ತಿದ್ದರು. ಅಮ್ಮ ಮೊದಲೇ ವಿಮಾನದಲ್ಲಿ ಹೋಗಿದ್ದಳು. ಇವತ್ತು ದಾರಿಯಲ್ಲಿ, ಅಪ್ಪನ ಸೋದರತ್ತೆ ಬ್ರೋನ್ಯಾ ಅಜ್ಜಿಯ ಮನೆಯಲ್ಲಿ ಊಟ. ಹೋದ ವಾರ ಅಜ್ಜಿ ಫೋನಿನಲ್ಲಿ, "ನಿನ್ನ ಮಗಳು ಪೂರ್ತಿ ಫಾರಿನ್ ಹುಡುಗಿ ಆಗಿರ್ತಾಳೆ, ನೋಡ್ತಿರು" ಎಂದಿದ್ದನ್ನು ಯಾಗೊದಾ ಕೇಳಿಸಿಕೊಂಡಿದ್ದಳು. ಅಂದಿನಿಂದ ಅವಳಿಗೆ ಒಂದೇ ಹಟ: ಅಜ್ಜಿಯ ಮಾತು ಸುಳ್ಳು ಮಾಡಬೇಕು.

"ಹೂ ನಾನೇ ತರ್ತೀನಿ. ನೀನು ಬರಲೇಬಾರದು," ಎಂದಳು ಪೇಟೆ ಚೌಕದಲ್ಲಿ ಕಾರಿಳಿದು. ಅಪ್ಪ ಬಳೆಯಾಕಾರದ ಬ್ರೆಡ್ಡಿನ ಗಾಡಿಯ ಮುಂದೆ ಕ್ಯೂ ನಿಂತ.

ಹೂವಾಡಗಿತ್ತಿ ಐದು ಗುಲಾಬಿ ಎತ್ತಿಕೊಂಡಳು. "ಇಷ್ಟು ಸಾಕಲ್ವೇನೆ ಕೂಸೇ?"

"ಊಹೂಂ, ಆರು. ಮೂರು ಕೆಂಪು, ಮೂರು ಬಿಳಿ. ನಮ್ಮ ಪೋಲೆಂಡ್ ಬಾವುಟದ ಥರ ಸಮ ಇರ್ಬೇಕು."

ಹೂವಾಡಗಿತ್ತಿಯ ಕೈ ನಿಂತಿತು. "ಆರಾ? ಯಾರಿಗೆ?"

"ರಕೊವಿತ್ಸ್ಕಾ ರಸ್ತೆಯ ನಮ್ಮಜ್ಜಿಗೆ."

"ಅಯ್ಯೋ ದೇವರೇ!" ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಹೂವನ್ನು ಕಾಗದದಲ್ಲಿ ಪೂರ್ತಿ ಸುತ್ತಿ, ಯಾಗೊದಾಳ ತಲೆ ಸವರಿದಳು. "ಧೈರ್ಯವಾಗಿರು ಮಗಳೇ."

ನನ್ನ ಪೋಲಿಷ್ ಎಷ್ಟು ಚೆನ್ನಾಗಿರಬೇಕು, ಪಾಪ, ಕಣ್ಣಲ್ಲಿ ನೀರೇ ಬಂತು ಎಂದುಕೊಂಡಳು ಯಾಗೊದಾ. ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ಊದುವ ತುತ್ತೂರಿಯೂ ಅವಳಿಗಾಗಿಯೇ ಊದಿದಂತಿತ್ತು.

ಬ್ರೋನ್ಯಾ ಅಜ್ಜಿ ಬಾಗಿಲು ತೆಗೆದರು. ಯಾಗೊದಾ ನೇರ ಒಳಗೆ ನುಗ್ಗಿ, ಕಾಗದ ಬಿಚ್ಚಿ ಹೂ ಚಾಚಿದಳು. "ನಂದೇ ಸೆಲೆಕ್ಷನ್, ಅಜ್ಜಿ!"

ಅಜ್ಜಿಯ ತುಟಿ ಅಲುಗಿತು. ಅವರು ಎಣಿಸುತ್ತಿದ್ದರು. ಇನ್ನೊಮ್ಮೆ ಎಣಿಸಿದರು. ಅಪ್ಪ ಹಣೆಗೆ ಕೈ ಒತ್ತಿಕೊಂಡ.

"ಲೆಷೆಕ್, ನಾನು ಸತ್ತೆ ಅಂತ ಯಾರೋ ನಿಂಗೆ ಹೇಳಿದ್ದು?" ಎಂದರು ಅಜ್ಜಿ ಅಪ್ಪನತ್ತ ತಿರುಗಿ.

"ಬದುಕಿರೋರಿಗೆ ಮೂರು, ಐದು, ಏಳು ಕೊಡ್ತಾರೆ ಕಣೇ," ಅಪ್ಪ ಪಿಸುಗುಟ್ಟಿದ. "ನಾಲ್ಕು, ಆರು ಸಮಾಧಿಗೆ."

ಹೂವಾಡಗಿತ್ತಿಯ ಕಣ್ಣೀರು ನೆನಪಾಯಿತು. ಈ ರಸ್ತೆಯ ಕೊನೆಗೆ ಕಂಡ ದೊಡ್ಡ ಸ್ಮಶಾನದ ಗೇಟೂ ನೆನಪಾಯಿತು. ಯಾಗೊದಾಳ ಮುಖ ಕೆಂಪು ಗುಲಾಬಿಗಿಂತ ಕೆಂಪಾಯಿತು. ದಾರಿಯುದ್ದಕ್ಕೂ ಉರುಹಚ್ಚಿದ್ದ ಪೋಲಿಷ್ ಮಾತೆಲ್ಲ ಓಡಿಹೋಗಿ, ಬಾಯಿಗೆ ಬಂದದ್ದು ಒಂದೇ.

"ಸಾರಿ!"

ಅದೂ ಇಂಗ್ಲಿಷಿನಲ್ಲಿ.

"ನಾನು ಫಾರಿನ್ ಹುಡುಗೀನೇ ಅಜ್ಜಿ," ಎಂದಳು ಸಣ್ಣ ದನಿಯಲ್ಲಿ. "ಒಂದು ತೆಗೆದು ಬಿಸಾಡ್ಲಾ?"

"ಯಾಕೆ ಬಿಸಾಡ್ತೀಯ?" ಅಜ್ಜಿ ಮೂರು ಕೆಂಪು ಗುಲಾಬಿ ತಾವಿಟ್ಟುಕೊಂಡು, ಮೂರು ಬಿಳಿ ಗುಲಾಬಿ ಅವಳ ಕೈಗಿಟ್ಟರು. "ನಾನೂ ಬದುಕಿದ್ದೀನಿ, ನೀನೂ ಬದುಕಿದ್ದೀಯ. ಸರಿಹೋಯ್ತಾ? ಬಾ, ಸೂಪ್ ಆರ್ತಿದೆ. ಏಯ್, ಮೊದ್ಲು ಶೂ ಬಿಚ್ಚೇ!"

ಯಾಗೊದಾ ಕೆಳಗೆ ನೋಡಿದಳು. ಶೂ ಸಮೇತ ಕಾರ್ಪೆಟ್ಟಿನ ನಡುವೆ ನಿಂತಿದ್ದಳು. ಮೊದಲು ನಕ್ಕವಳು ಅವಳೇ.

ಸಂಜೆ ಮತ್ತೆ ಸಿಗ್ನಲ್. ಪಕ್ಕದ ಟ್ರಾಮಿನಿಂದ ಒಬ್ಬ ಹೆಂಗಸು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಯಾಗೊದಾ ಈ ಸಲ ಜಾರಲಿಲ್ಲ. ಮೂರು ಹೂ ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದಳು.

ಹಸಿರು ದೀಪ ಬಂತು. ಅಪ್ಪ ಬಲಕ್ಕೆ ತಿರುಗಿಸಿದ. ಅವಳೂ ತಿರುಗಿಸಿದಳು.