ಎಡಗಡೆಯ ಭಾರ

ಸುಳ್ಳು ಹೇಳಿ ನನಗೇನೂ ಆಗಬೇಕಿಲ್ಲ. ಹಿಂಬದಿ ಸಸ್ಪೆನ್ಷನ್ ಬೋಲ್ಟನ್ನು ಚಕ್ರ ನೆಲಕ್ಕೂರಿ, ಗಾಡಿಯ ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಇಲ್ಲದಿದ್ದರೆ ಒಳಗಿನ ಬುಷ್, ಅಂದರೆ ಬೋಲ್ಟಿನ ಸುತ್ತಲಿನ ರಬ್ಬರ್ ಬಳೆ, ತಿರುಚಿಕೊಂಡು ಹರಿಯುತ್ತದೆ. ನನ್ನ ಗ್ಯಾರೇಜಿಗೆ ಬರುವ ಟೀಚರಮ್ಮನ ಕಾರಿಗೆ ಹಾಗೇ ಮಾಡಿದರೂ ಎಡಗಡೆಯದು ಮತ್ತೆ ಮತ್ತೆ ಹರಿಯುತ್ತಿತ್ತು.

ಆ ಮಧ್ಯಾಹ್ನ ನನಗೂ ಸಾಕುಸಾಕಾಗಿತ್ತು. ಹೊಸ ಬುಷ್ ಹಾಕಿ, ಕಾರು ನೆಲಕ್ಕಿಳಿಸಿ, ಕೆಳಗೆ ತೂರಿ ಸ್ಪ್ಯಾನರ್ ಹಾಕುವಷ್ಟರಲ್ಲಿ ಸ್ಪ್ರಿಂಗ್ ನರಳಿತು. ಎಡ ಹಿಂಬದಿ ಮೆಲ್ಲಗೆ ನನ್ನ ಮೂಗಿನವರೆಗೆ ಕುಸಿಯಿತು.

“ಅಮ್ಮಾ, ಒಳಗೆ ಕೂತೋರನ್ನ ಸ್ವಲ್ಪ ಇಳಿಯೋಕೆ ಹೇಳಿ.”

“ನಾನೊಬ್ಳೇ ಬಂದಿರೋದಪ್ಪಾ,” ಬಾಗಿಲ ಬಳಿಯ ಸ್ಟೂಲಿನಿಂದ ಟೀಚರಮ್ಮ ಅಂದರು.

ಹೊರಗೆ ತೂರಿ ಬಂದು, ಎದ್ದು ನೋಡಿದೆ. ಹಿಂದಿನ ಸೀಟು ಖಾಲಿ. ಎಡಬದಿಗೆ ಕೈಯಿಟ್ಟರೆ ಬೆಚ್ಚಗಿತ್ತು.

ಹೆದರುವುದಕ್ಕೂ ತ್ರಾಣವಿರಲಿಲ್ಲ. ಕೂತವರು ಕೂತಿರಲಿ ಎಂದು ಮತ್ತೆ ಕೆಳಗೆ ತೂರಿ, ಆ ಭಾರದ ಮೇಲೆಯೇ ಬೋಲ್ಟು ಬಿಗಿದೆ.

ಎಷ್ಟೋ ಮಳೆಗಾಲ ಕಳೆದವು. ಆ ಬುಷ್ ಇಂದಿಗೂ ಹರಿದಿಲ್ಲ.