ಆಲೂಗಡ್ಡೆಯೊಳಗಿನ ಕೆಂಪು ಹರಳು

"ನಿಲ್ಲಿಸ್ರೀ! ಹರಳು ಸಿಡಿದು ಹೋಗುತ್ತೆ!"

ಯಾರೋ ಹಿಂದಿನಿಂದ ಬಂದು ಗ್ಯಾಸ್ ಆಫ್ ಮಾಡಿಯೇಬಿಟ್ಟರು. ಅವಳ ಕೈಯಲ್ಲಿದ್ದ ಬೆಸುಗೆ ಕೊಳವೆಯ ಉರಿ ಆರಿತು. ಅರ್ಧ ಕರಗಿದ ಬೆಸುಗೆ ಉಂಗುರದ ಮೇಲೆ ಗಂಟಾಗಿ ನಿಂತಿತು.

ಅವಳು ಕೆಂಡದಂಥ ಕೋಪದಲ್ಲಿ ತಿರುಗಿದಳು. ಎದುರಿಗೊಬ್ಬ ಅಪರಿಚಿತ ಯುವಕ. ಇಸ್ತ್ರಿ ಮಾಡಿದ ಬಿಳಿ ಕೋಟು, ಜೇಬಿನಲ್ಲಿ ಮೂರು ಪೆನ್ನು. ಕಣ್ಣು ಮಾತ್ರ... ಹಾಳಾದವು, ಚೆನ್ನಾಗಿದ್ದವು!

"ಯಾರ್ರೀ ನೀವು? ಹರಳು ಎಲ್ಲಿದೆ ಅಂತ ನೋಡಿದ್ರಾ?"

ಅವನು ಬಗ್ಗಿ ನೋಡಿದ. ಉಂಗುರದ ಹರಳು ಒಂದು ಹಸಿ ಆಲೂಗಡ್ಡೆಯೊಳಗೆ ಹೂತುಹೋಗಿತ್ತು. ಬೆಸುಗೆ ಹಾಕಬೇಕಾದ ಭಾಗವಷ್ಟೇ ಹೊರಗಿತ್ತು.

"ಆಲೂಗಡ್ಡೆ...?"

"ಹೌದು, ಆಲೂಗಡ್ಡೆ. ಅದರಲ್ಲಿ ನೀರಿರೋವರೆಗೂ ಹರಳಿಗೆ ಬಿಸಿ ತಾಗಲ್ಲ. ನಿಮ್ಮ ಕಾಲೇಜಲ್ಲಿ ತರಕಾರಿ ಪಾಠ ಇರ್ಲಿಲ್ವಾ?"

ಇರಲಿಲ್ಲ. ಅಲ್ಲಿದ್ದದ್ದು ಚಿನ್ನದ ಪದಕ. ಅದನ್ನು ಅವನು ಗೆದ್ದುಕೊಂಡೇ ಬಂದಿದ್ದ.

ಮರುದಿನವೇ ಅವಳ ದೊಡ್ಡಪ್ಪ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವನ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು. ಒಡವೆ ಮಾಡುವ ಆ ಕಾರ್ಖಾನೆ ದೊಡ್ಡಪ್ಪನದು. ಹದಿನಾಲ್ಕು ವರ್ಷದಿಂದ ಅವಳು ಅಲ್ಲಿ ಹರಳಿಗೆ ಸಾಣೆ ಹಿಡಿದಿದ್ದಳು, ಬೆರಳು ಸುಟ್ಟುಕೊಂಡು ಬೆಸುಗೆ ಕಲಿತಿದ್ದಳು. ಕಿಟಕಿ ಪಕ್ಕದ ಮೇಜು ಮುಖ್ಯ ಕೆಲಸಗಾರರದು. ಈ ವರ್ಷ ಅದು ತನಗೇ ಎಂದುಕೊಂಡಿದ್ದಳು.

"ಓದಿದವರು ಯಾರಿದ್ದಾರೆ ಅಂತ ಗಿರಾಕಿಗಳು ಕೇಳ್ತಾರಮ್ಮ," ಎಂದರು ದೊಡ್ಡಪ್ಪ, ಅವಳ ಮುಖ ನೋಡದೆ. "ಮೂರು ತಿಂಗಳು ನೋಡ್ತೀನಿ. ಆಮೇಲೆ ಮೇಜು ಯಾರಿಗೆ ಅಂತ ಹೇಳ್ತೀನಿ."

"ಧಾರಾಳವಾಗಿ ನೋಡಿ ದೊಡ್ಡಪ್ಪ. ಪುಸ್ತಕದ ಬದನೆಕಾಯಿ ಅಡುಗೆಗೆ ಬರಲ್ಲ!"

ಅಂದಿನಿಂದ ಅವನ ಹೆಸರೇ ಬದನೆಕಾಯಿ. ಅವನೂ ಕಮ್ಮಿಯಿಲ್ಲ, ಬೆಳಿಗ್ಗೆ ಬಂದವನೇ "ಬದನೆಕಾಯಿ ಹಾಜರ್!" ಎನ್ನುತ್ತಿದ್ದ. ಅವಳು ನಗು ಕಾಣದಂತೆ ಸಾಣೆಯತ್ತ ಮುಖ ತಿರುಗಿಸುತ್ತಿದ್ದಳು. ಒಮ್ಮೆ ಅವಳ ಕಣ್ಣಿಗೆ ಬೀಳದ ಬಿರುಕೊಂದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ ಹಸಿರು ಹರಳೊಂದನ್ನು ಉಳಿಸಿದ್ದ. 'ಪರವಾಗಿಲ್ಲ, ಬದನೆಕಾಯಲ್ಲೂ ಹುರುಳಿದೆ' ಎಂದುಕೊಂಡಿದ್ದಳು... ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಮೂರನೇ ತಿಂಗಳ ಕೊನೆಗೆ ಹಳೆಯ ಉಂಗುರವೊಂದು ಬಂತು. ಕೆಂಪು ಹರಳು. ಅದನ್ನು ಹಿಡಿದ ಚಿನ್ನದ ಕೊಕ್ಕೆಗಳು ಸವೆದು ಎಳೆಯಂತಾಗಿದ್ದವು. ಹರಳು ತೆಗೆದರೆ ಕೊಕ್ಕೆ ಮುರಿಯುತ್ತದೆ, ತೆಗೆಯದೆ ಬೆಂಕಿಗೆ ಹಿಡಿಯಬೇಡಿ ಎನ್ನುತ್ತದೆ ಪುಸ್ತಕ. ಉಂಗುರವನ್ನು ದೊಡ್ಡದು ಮಾಡಬೇಕಿತ್ತು.

ಉಂಗುರದ ಜೊತೆಗಿದ್ದ ಚೀಟಿಯಲ್ಲಿ ಅವನದೇ ಅಕ್ಷರ: 'ನನ್ನಿಂದ ಆಗದು. ಅವರಿಗೇ ಕೊಡಿ.'

ಅವಳ ಮೈಯೆಲ್ಲ ಉರಿಯಿತು. 'ಒಡೆದರೆ ತಪ್ಪು ನನ್ನ ತಲೆಗೆ, ಮೇಜು ಅವನಿಗೆ! ಇಷ್ಟು ದಿನ ನಗಿಸಿದ್ದು ಇದಕ್ಕೇನಾ?'

"ಬದನೆಕಾಯಿ ಅಂದ್ಕೊಂಡಿದ್ದೆ. ನೀವು ಗೋಮುಖ ವ್ಯಾಘ್ರ!"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಆಲೂಗಡ್ಡೆ ತರಲು ಹೊರಟಿದ್ದಳು. ಅವಳ ಕೈಗೆ ಅನುಮಾನವಿರಲಿಲ್ಲ, ನೋವಾಗಿದ್ದದ್ದು ಮನಸ್ಸಿಗೆ.

ಉಂಗುರ ಕತ್ತರಿಸಿ, ನಡುವೆ ಚಿನ್ನದ ತುಣುಕು ಕೂರಿಸಿ, ಹರಳನ್ನು ಆಲೂಗಡ್ಡೆಗೆ ಒತ್ತಿದಳು. ಉರಿ ಹಿಡಿದಳು. ಚುಂಯ್... ಆಲೂಗಡ್ಡೆಯ ನೀರು ಕುದಿಯುವ ಆ ಸದ್ದು ನಿಲ್ಲುವ ಮೊದಲೇ ಉರಿ ತೆಗೆಯಬೇಕು. ಎಷ್ಟು ಮೊದಲು ಎಂಬುದು ಕಿವಿಗೆ ಮಾತ್ರ ಗೊತ್ತು. ಬೆಸುಗೆ ಫಳಕ್ಕನೆ ಹರಿಯಿತು. ಉರಿ ತೆಗೆದಳು. ತಣಿದ ಮೇಲೆ ಹೊರಗೆಳೆದಳು.

ದೊಡ್ಡಪ್ಪ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಒಂದು ಗೀರೂ ಇರಲಿಲ್ಲ.

"ಮೇಜು ನಿಂದೇ ಕಣಮ್ಮ. ಈ ಹುಡುಗ ಮೊನ್ನೆಯೇ ಹೇಳ್ದ, 'ಆ ಜಾಗ ಅವರದು, ನಾನು ಅವರ ಹತ್ರ ಕಲೀತೀನಿ' ಅಂತ. ನಾನೇ ನಂಬಲಿಲ್ಲ. ಅದಕ್ಕೇ ನಿನ್ನ ಕೈ ಎಂಥದು ಅಂತ ತೋರಿಸೋಕೆ ಅವರಮ್ಮನ ಉಂಗುರ ತಂದುಕೊಟ್ಟ."

ಅವಳು ಥಟ್ಟನೆ ಅವನತ್ತ ತಿರುಗಿದಳು. "ಯಾರಮ್ಮನ...?"

"ನಮ್ಮಮ್ಮನದು," ಎಂದ ಅವನು ಮೆಲ್ಲಗೆ. "ಅವರ ನೆನಪಿಗೆ ಅಂತ ಇರೋದು ಅದೊಂದೇ."

"ಒಡೆದಿದ್ರೆ?" ಎಂದಳು ಅವಳು.

"ಒಡೆಯಲ್ಲ ಅಂತ ಗೊತ್ತಿತ್ತು. ಮೂರು ತಿಂಗಳಿಂದ ನಿಮ್ಮ ಕೈ ನೋಡಿದ್ದೀನಿ."

"ನಾನು ನಿಮ್ಮನ್ನ ವ್ಯಾಘ್ರ ಅಂದ್ಬಿಟ್ಟೆ..."

"ಬದನೆಕಾಯಿಯಿಂದ ಹುಲಿಗೆ! ಬಡ್ತಿ ಸಿಕ್ತಲ್ಲ, ಬಿಡಿ."

"ಗಿರಾಕಿ ಬಂದ ಹಾಗಿದೆ," ಎಂದು ದೊಡ್ಡಪ್ಪ ಹೊರಗೆ ನಡೆದರು. ಯಾವ ಗಿರಾಕಿಯೂ ಬಂದಿರಲಿಲ್ಲ.

"ಯಾರ ಬೆರಳಿಗೆ ಅಂತ ದೊಡ್ಡದು ಮಾಡಿಸಿದ್ರಿ?"

"ನಿಮ್ಮ ಬೆರಳಿಗೆ. ನಿಮ್ಮನ್ನ ತುಂಬಾ ಪ್ರೀತಿಸ್ತೀನಿ. ನೀವು ಒಪ್ಪಿದ್ರೆ..."

ಅವಳು ಉಂಗುರ ತೊಟ್ಟಳು. ಅದು ಗರಗರ ತಿರುಗಿ, ಕೈ ಇಳಿಸಿದ ಕೂಡಲೇ ಜಾರಿ ಮೇಜಿನ ಮೇಲೆ ಬಿತ್ತು!

"ಅಳತೆ ಹೇಗೆ ತಗೊಂಡ್ರಿ?"

"ಕೇಳೋಕೆ ಧೈರ್ಯ ಬರಲಿಲ್ಲ... ಕಣ್ಣಳತೆ."

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಚಿನ್ನದ ಪದಕ ಬೇರೆ! ಹೋಗಿ, ಇನ್ನೊಂದು ಆಲೂಗಡ್ಡೆ ತನ್ನಿ."

"ಅಂದ್ರೆ... ಒಪ್ಪಿಗೆನಾ?"

"ಹಾಕ್ಕೊಳ್ಳದ ಉಂಗುರಕ್ಕೆ ಯಾರಾದ್ರೂ ಎರಡು ಸಲ ಬೆಸುಗೆ ಹಾಕ್ತಾರಾ?"

ಅವನು ಓಡಿದ. ಬಂದಾಗ ಅವಳು ಕಿಟಕಿ ಪಕ್ಕದ ಮೇಜಿನ ಮುಂದೆ ಅವನನ್ನು ಕೂರಿಸಿ, ಉರಿಯ ಹಿಡಿಯನ್ನು ಅವನ ಕೈಗೇ ಕೊಟ್ಟಳು. ಅವನು ಅದನ್ನು ಉಂಗುರದಿಂದ ದೂರವೇ ಹಿಡಿದ.

"ಒಡೆದ್ರೆ?"

ಅವಳು ಆ ಕೈ ಮೇಲೆ ತನ್ನ ಕೈ ಇಟ್ಟಳು.

"ಒಡೆಯಲ್ಲ. ಸುಮ್ನೆ ಕಿವಿಗೊಟ್ಟು ಕೇಳಿ, ಬದನೆಕಾಯಿ."